ಬಲ್ಬು ಬೀಳುತ್ತದೆ ಎಂದುಕೊಂಡೇ ಕಟ್ಟಿ

ಪ್ರಶ್ನೆ: ಮೊನ್ನೆ ಒಂದು ದಿನದ 50 ಗಿರಿರಾಜ ಕೋಳಿ ಮರಿ ತಂದೆವು. ಹಳೇ ಕೊಟ್ಟಿಗೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ಉಮಿ ಹಾಸಿ, ಮೇಲಿಂದ 9 ವ್ಯಾಟಿನ ಬಲ್ಬು ಇಳಿಬಿಟ್ಟಿದ್ದೇವೆ. ಬೆಳಕು ಚೆನ್ನಾಗಿಯೇ ಇದೆ. ಆದರೂ ಎರಡೇ ರಾತ್ರಿಯಲ್ಲಿ 11 ಮರಿ ಸತ್ತವು. ಬೆಳಗ್ಗೆ ನೋಡಿದರೆ ಒಂದರ ಮೇಲೊಂದು ಬಿದ್ದಿರುತ್ತವೆ. ಇದು ರೋಗವೇ? ಯಾವ ಬಲ್ಬು ಹಾಕಬೇಕು?
– ಕೊಪ್ಪ ತಾಲ್ಲೂಕಿನ ಓದುಗರು

ಉತ್ತರ: ನೀವು ಬರೆದಿರುವ ರೀತಿ ನೋಡಿದರೆ ಮರಿಗಳು ಕಾವು ಸಾಲದೆ ಸತ್ತಿವೆ. 9 ವ್ಯಾಟಿನದು ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಕಾವು ಕೊಡುವುದಿಲ್ಲ. ಹಿಂದೆಲ್ಲ 60 ವ್ಯಾಟಿನ, ಒಳಗೆ ತಂತಿ ಕಾದು ಉರಿಯುವ ಹಳೇ ನಮೂನೆ ಬಲ್ಬು ಹಾಕಿದರೆ ತಿನ್ನುವ ಕರೆಂಟಿನಲ್ಲಿ ಹೆಚ್ಚಿನ ಪಾಲು ಬಿಸಿಯಾಗಿಯೇ ಬರುತ್ತಿತ್ತು. ಮರಿಗೆ ಬೇಕಾಗಿದ್ದೂ ಅದೇ. ಈಗ ಅಂಗಡಿಯಲ್ಲಿ ಎಲ್‌ಇಡಿಯೇ ಜಾಸ್ತಿ, ಹಾಗಾಗಿ ಈ ತಪ್ಪು ತುಂಬ ಮನೆಗಳಲ್ಲಿ ಆಗುತ್ತಿದೆ. ಮರಿಗೆ ಮೊದಲ ಎರಡು ಮೂರು ವಾರ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಆಗುವುದಿಲ್ಲ. ಹೇಂಟೆ ಇದ್ದರೆ ರೆಕ್ಕೆ ಅಡಿ ನುಗ್ಗುತ್ತಿದ್ದವು. ಮಿಷನ್ ಮರಿಗೆ ತಾಯಿ ಎಲ್ಲಿದ್ದಾಳೆ? ಚಳಿಗೆ ಒಂದರೊಳಗೊಂದು ತೂರುತ್ತವೆ, ಅಡಿಗೆ ಸಿಕ್ಕಿದ್ದು ಉಸಿರು ಕಟ್ಟಿ ಸಾಯುತ್ತದೆ.

ಈ ಪತ್ರಿಕೆ ನಿಮ್ಮ ಕೈ ಸೇರುವವರೆಗೆ ಕಾಯಬಾರದು ಎಂದು ಬಲ್ಬು ಬದಲಿಸಲು ನಿಮಗೆ ಫೋನಿನಲ್ಲೇ ಹೇಳಿದ್ದೇನೆ. ಉಳಿದವರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಸುಲಭ. ಒಂದು ಮರಿಗೆ 2 ವ್ಯಾಟ್. 50 ಮರಿಗೆ 100 ವ್ಯಾಟ್ ಆಯಿತು. ಆದರೆ 100ರ ಒಂದೇ ಬಲ್ಬು ಹಾಕಬೇಡಿ, 60ರ ಎರಡು ಹಾಕಿ. ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನ ತನಕ ಕಾಯುತ್ತದೆ. ಹಳೇ ಬಲ್ಬು ಸಿಗದಿದ್ದರೆ ಕೋಳಿ ಸಾಮಾನಿನ ಅಂಗಡಿಯಲ್ಲಿ ಕಾವು ಕೊಡಲೆಂದೇ ಮಾಡಿದ ಇನ್‌ಫ್ರಾರೆಡ್ ಬಲ್ಬು ಕೇಳಿ. 250 ವ್ಯಾಟಿನದಾದರೆ ಮರಿಯ ಬೆನ್ನಿನಿಂದ ಒಂದೂವರೆ ಅಡಿಗಿಂತ ಕೆಳಗೆ ತರಲೇಬಾರದು.

ಮೊದಲ ವಾರ ಬಲ್ಬಿನಡಿ, ಮರಿಯ ಬೆನ್ನಿನ ಮಟ್ಟದಲ್ಲಿ, 35 ಡಿಗ್ರಿ ಇರಲಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ, ಬಲ್ಬನ್ನು ಮೇಲೆತ್ತಿದರೆ ಸಾಕು. ಥರ್ಮಾಮೀಟರ್ ಇಡಿ, ಆದರೆ ನಂಬಬೇಕಾದ್ದು ಮರಿಗಳನ್ನು. ಬಲ್ಬಿನಡಿ ಗುಂಪುಗಟ್ಟಿ ಕಿರುಚುತ್ತಿದ್ದರೆ ಚಳಿ. ದೂರ ಸರಿದು ರೆಕ್ಕೆ ಬಿಟ್ಟುಕೊಂಡು ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಅಲ್ಲಲ್ಲಿ ಹರಡಿ, ಕಾಲು ಚಾಚಿ ಮಲಗಿದ್ದರೆ ನೀವೂ ಮಲಗಬಹುದು. ಪೆಟ್ಟಿಗೆ ಚಿಕ್ಕದಾಗಬಾರದು. ಸೆಕೆಯಾದ ಮರಿಗೆ ಓಡಿ ತಪ್ಪಿಸಿಕೊಳ್ಳಲು ತಂಪು ಜಾಗ ಬೇಕಲ್ವಾ? ಮೂಲೆಗಳಲ್ಲಿ ರಾಶಿ ಬೀಳುವುದು ಜಾಸ್ತಿ, ಅದಕ್ಕೆ ತಗಡನ್ನು ದುಂಡಗೆ ಸುತ್ತಿ ನಿಲ್ಲಿಸಿ.

ನನಗೆ ನಿಜವಾಗಿ ಭಯವಾಗಿದ್ದು ನಿಮ್ಮ ಪತ್ರದ ಒಂದು ಮಾತು ಓದಿ: ‘ಇಳಿಬಿಟ್ಟಿದ್ದೇವೆ’. ವೈರಿನಿಂದಲೇ ಇಳಿಬಿಟ್ಟಿದ್ದೀರಿ ಅಲ್ವಾ? ನಾನು 30 ವರ್ಷ ಮನೆ ವೈರಿಂಗ್ ಮಾಡಿದವನು. ಹಾಗಿದ್ದೂ ಮೊದಲ ಸಲ ಮರಿ ತಂದಾಗ ನಾನೂ ಹಾಗೆಯೇ ಕಟ್ಟಿದ್ದೆ. ಆಷಾಢದ ಮಳೆ ಹೊಯ್ಯುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ನನ್ನ ಹೆಂಡತಿ ಎಬ್ಬಿಸಿ, ಏನೋ ಸುಟ್ಟ ವಾಸನೆ ಎಂದಳು. ಬಲ್ಬು ಉಮಿಯ ಮೇಲೆ ಬಿದ್ದಿತ್ತು. ಬೆಂಕಿ ಕಾಣಲಿಲ್ಲ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ ಒಳಗೊಳಗೇ ಹೊಗೆಯಾಡುತ್ತಿತ್ತು. 60 ಮರಿಗಳಲ್ಲಿ 38 ಹೊಗೆಗೇ ಹೋದವು. ಮೈಮೇಲೆ ಒಂದು ಸುಟ್ಟ ಗುರುತಿರಲಿಲ್ಲ.

ಬೆಳಕಾದ ಮೇಲೆ ಹೋಲ್ಡರ್ ಬಿಚ್ಚಿ ನೋಡಿದೆ. ಬಲ್ಬು ಕೆಳಮುಖವಾಗಿದ್ದಾಗ ಅದರ ಬಿಸಿಯಲ್ಲಿ ಒಂದು ಪಾಲು ಮೇಲಕ್ಕೆ, ಹೋಲ್ಡರಿನೊಳಕ್ಕೆ ಹೋಗುತ್ತದೆ. ಒಳಗಿನ ಪ್ಲಾಸ್ಟಿಕ್ ಕಂದಿತ್ತು. ವೈರಿನ ಮೇಲಿನ ಸಿಪ್ಪೆ ಉಗುರು ತಾಗಿಸಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಯಿತು. ಅಂಥ ವೈರು ಭಾರ ಹೊರುವುದು ಹೇಗೆ?

ಅಂದಿನಿಂದ ನಾನು ಬಲ್ಬು ಬಿದ್ದೇ ಬೀಳುತ್ತದೆ ಎಂದುಕೊಂಡು ಕಟ್ಟುತ್ತೇನೆ. ಭಾರವನ್ನು ಸರಪಳಿ ಹೊರುತ್ತದೆ, ವೈರು ಸಡಿಲವಾಗಿ ಪಕ್ಕದಲ್ಲಿ ಬರುತ್ತದೆ. ಸರಪಳಿ ಸಿಕ್ಕಿಸಿದ ಜಂತಿಯನ್ನು ಬಿಟ್ಟು ಬೇರೆ ಜಂತಿಗೆ ಇನ್ನೊಂದು ಕಬ್ಬಿಣದ ತಂತಿ. ಒಂದು ಕಳಚಿದರೆ ಇನ್ನೊಂದು ಹಿಡಿಯಲಿ ಅಂತ. ಸೆಣಬು, ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ. ಹೋಲ್ಡರ್ ಪಿಂಗಾಣಿಯದು. ಬಲ್ಬಿನ ಸುತ್ತ ತಂತಿ ಬಲೆಯ ಗೂಡು, ಅದು ಬಲ್ಬಿಗೆ ತಾಗುವಂತಿರಬಾರದು. ಇನ್‌ಫ್ರಾರೆಡ್ ಬಲ್ಬು ಸಾಮಾನ್ಯವಾಗಿ ತಿರುಪಿನದು. ಅದನ್ನು ಅಡಾಪ್ಟರ್ ಹಾಕಿ ಮನೆಯ ಮಾಮೂಲಿ ಹೋಲ್ಡರಿಗೆ ಸಿಕ್ಕಿಸಬೇಡಿ. ತಿರುಪಿನ ಹೋಲ್ಡರಿನಲ್ಲಿ ಫೇಸ್, ಅಂದರೆ ಕರೆಂಟು ಬರುವ ವೈರು, ನಡುವಿನ ಬೊಟ್ಟಿಗೇ ಹೋಗಬೇಕು. ತಿರುಪಿಗೆ ಹೋದರೆ ಬಲ್ಬು ಬಿಚ್ಚುವವರ ಕೈಗೆ ಶಾಕ್. ಕೊಟ್ಟಿಗೆಯ ಲೈನಿಗೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕೋಳಿ ಮನೆಯ ನೆಲ ಯಾವಾಗಲೂ ಒದ್ದೆ, ಜೊತೆಗೆ ಮಕ್ಕಳು ಬರಿಗಾಲಲ್ಲಿ ಮರಿ ನೋಡಲು ಓಡುತ್ತಾರೆ. ನೀರಿನ ಬಟ್ಟಲು ಬಲ್ಬಿನ ನೇರ ಕೆಳಗೆ ಬೇಡ. ಬಿಸಿ ಗಾಜಿಗೆ ನೀರು ಸಿಡಿದರೆ ಅದು ಒಡೆಯುತ್ತದೆ. ವಾರಕ್ಕೊಮ್ಮೆ ಸ್ವಿಚ್ ಆರಿಸಿ, ಆರಿದ ಮೇಲೆ ಒಣ ಬಟ್ಟೆಯಿಂದ ಧೂಳು ಒರೆಸಿ.

ಕಾವು ಸರಿಯಾದ ಮೇಲೂ ಮರಿ ಸಾಯುತ್ತಿದ್ದರೆ ಸತ್ತ ಮರಿಯನ್ನು ಅಂದೇ ಪಶು ಆಸ್ಪತ್ರೆಗೆ ಒಯ್ದು ತೋರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಬಾಣಲೆಯಲ್ಲಿ ಇದ್ದಿಲ ಕೆಂಡ ಹಾಕಿ ಮರಿಗಳ ಕೋಣೆಯಲ್ಲಿ ಇಡಬಹುದೇ?
– ಹೊಸನಗರದ ಓದುಗರು

ಉತ್ತರ: ಬಾಗಿಲು ಹಾಕಿದ ಕೋಣೆಯಲ್ಲಿ ಖಂಡಿತ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ. ಮರಿಗಳ ಜೊತೆ ನೋಡಿಕೊಳ್ಳಲು ಮಲಗಿದವರೂ ಏಳುವುದಿಲ್ಲ. ನಾಲ್ಕೈದು ಬಾಟಲಿಗೆ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಗೋಣಿ ಸುತ್ತಿ ಮರಿಗಳ ನಡುವೆ ಮಲಗಿಸಿ. ಆವರಣದ ಮೇಲೆ ಕಂಬಳಿ ಹೊದಿಸಿ, ಒಂದು ಪಕ್ಕ ಗಾಳಿಯಾಡಲು ಅಂಗೈಯಗಲ ಬಿಡಿ. ಕರೆಂಟು ಬಂದ ಕೂಡಲೇ ಮೊದಲು ಕಂಬಳಿ ತೆಗೆಯಿರಿ. ಬಲ್ಬಿಗೆ ತಾಗಿ ಹೊತ್ತಿಕೊಳ್ಳುವುದು ಆಗಲೇ. ಅದಕ್ಕೇ ಕರೆಂಟು ಹೋದ ತಕ್ಷಣ ಸ್ವಿಚ್ ಆರಿಸಿಡಿ. ಇನ್ವರ್ಟರ್ ಇದ್ದರೆ, 150 ಆಂಪಿಯರ್-ಅವರಿನ ಒಳ್ಳೆ ಬ್ಯಾಟರಿ 60ರ ಎರಡು ಬಲ್ಬುಗಳನ್ನು ಸುಮಾರು ಎಂಟು ಗಂಟೆ ಉರಿಸುತ್ತದೆ. ಆ ರಾತ್ರಿ ಟಿವಿ, ಫ್ಯಾನು ಹಾಕಬೇಡಿ.

ಪ್ರಶ್ನೆ: ಒಡೆಯದಂತೆ ಲೇಪ ಹಚ್ಚಿದ ಬಲ್ಬು ಇದೆಯಂತೆ. ತರಲೇ?
– ಸಾಗರದ ಓದುಗರು

ಉತ್ತರ: ಅದು ಟೆಫ್ಲಾನ್, ಅಂದರೆ ಅಂಟದ ತವಾಕ್ಕೆ ಹಚ್ಚುವಂಥ ಲೇಪ ಆಗಿದ್ದರೆ ತರಬೇಡಿ. ಜಾಸ್ತಿ ಬಿಸಿಯಾದಾಗ ಅದರಿಂದ ಬರುವ ಹೊಗೆ ಹಕ್ಕಿಗಳ ಪುಪ್ಪಸಕ್ಕೆ ವಿಷ. ಲೇಪ ಯಾವುದು ಎಂದು ಪೆಟ್ಟಿಗೆಯ ಮೇಲೆ ಬರೆಯದಿದ್ದರೂ ಬೇಡ. ಲೇಪವಿಲ್ಲದ ಬಲ್ಬು ತಂದು, ಮೇಲೆ ಹೇಳಿದ ತಂತಿ ಗೂಡು ಹಾಕಿ.