ಹತ್ತೊಂಬತ್ತು ದಿನ ತೆರೆಯದ ಮೇಲ್

"ನಿದ್ದೆ ಬರ್ತಿಲ್ಲ ಮೇಡಂ. ಅದಕ್ಕೆ ಏನಾದ್ರೂ ಹೇಳಿ."

ಎಂಎಸ್ಸಿ ಎರಡನೇ ವರ್ಷದ ಆ ಹುಡುಗಿ ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ಇಷ್ಟು ಹೇಳಲು. ಫೋನಿನ ಮಾತೇ ಎತ್ತಲಿಲ್ಲ. ಫೋನು ಮಾತ್ರ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಮಾತು ನಿಂತಾಗಲೆಲ್ಲ ಅವಳ ಬಲಗೈ ಅದರ ಹತ್ತಿರ ಹೋಗುತ್ತಿತ್ತು, ಅಂಚನ್ನು ಮುಟ್ಟಿ ವಾಪಸ್ ಬರುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ನಾನು ಎಣಿಸಿದ್ದು 17 ಸಲ. ಅವಳಿಗೆ ಅದರ ಅರಿವೇ ಇರಲಿಲ್ಲ.

(ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಮೊದಲು ಓದಿದವಳೂ ಅವಳೇ.)

ನಿದ್ದೆಯಿಂದಲೇ ಶುರು ಮಾಡಿದೆವು. ಮಲಗೋದು ಎಷ್ಟಕ್ಕೆ? ಹನ್ನೊಂದಕ್ಕೆ. ನಿದ್ದೆ ಹತ್ತೋದು? ಮೂರೂವರೆ, ನಾಲ್ಕು. ನಡುವೆ ಏನು ಮಾಡ್ತೀಯಮ್ಮ? ಸುಮ್ಮನಾದಳು. ಆಮೇಲೆ ಫೋನ್ ತಿರುಗಿಸಿ, ಸ್ಕ್ರೀನ್ ಟೈಮ್ ತೆಗೆದು ನನ್ನ ಕಡೆ ಸರಿಸಿದಳು. ಆ ವಾರದ ಸರಾಸರಿ ದಿನಕ್ಕೆ 9 ಗಂಟೆ 40 ನಿಮಿಷ. "ನಾನು ಅಡಿಕ್ಟ್ ಅಲ್ವಾ ಮೇಡಂ?" ಎಂದವಳೇ ಅತ್ತುಬಿಟ್ಟಳು.

ಈ ಪದವನ್ನು ನಾನು ಬೇಗ ಬಳಸುವುದಿಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂದಾಗ ಇಂಟರ್ನೆಟ್ ಬಳಕೆಯಲ್ಲಿ ಗೇಮಿಂಗ್ ಒಂದನ್ನೇ ಪರಿಗಣಿಸಿತು. ಅದನ್ನೂ ಇನ್ನಷ್ಟು ಅಧ್ಯಯನ ಆಗಬೇಕಾದ ಸ್ಥಿತಿಗಳ ಪಟ್ಟಿಯಲ್ಲಿ ಇಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದರಲ್ಲಿ ಗೇಮಿಂಗ್ ಕಾಯಿಲೆಗೆ ಜಾಗ ಇದೆ. ರೀಲ್ಸ್ ನೋಡುವುದಕ್ಕೆ, ಸುಮ್ನೆ ಸ್ಕ್ರೋಲ್ ಮಾಡುವುದಕ್ಕೆ ಪ್ರತ್ಯೇಕ ಹೆಸರು ಎರಡರಲ್ಲೂ ಇಲ್ಲ. ಹಾಗಂತ ಇವಳ ಕಷ್ಟ ಸುಳ್ಳಲ್ಲ. ನಾನು ನೋಡುವುದು ಮೂರು ವಿಷಯ. ನಿಲ್ಲಿಸಬೇಕೆಂದರೂ ಆಗುತ್ತಿಲ್ಲವೇ? ಮುಖ್ಯವಾದ ಕೆಲಸಗಳು ಇದರಿಂದ ಹಿಂದೆ ಬಿದ್ದಿವೆಯೇ? ಹಾನಿ ಕಣ್ಣಿಗೆ ಕಂಡ ಮೇಲೂ ಮುಂದುವರಿದಿದೆಯೇ? ಇವಳ ಉತ್ತರ ಮೂರಕ್ಕೂ ಹೌದು. ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡದ್ದು ನಾಲ್ಕು ಸಲ. ರಜೆಯಲ್ಲಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಹತ್ತು ದಿನ ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ನೋಡಿದ್ದಳು.

ಇಂಟರ್ನೆಟ್ ಗೀಳನ್ನು ಅಳೆಯಲು ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ರೂಪಿಸಿದ 20 ಪ್ರಶ್ನೆಗಳ ಪರೀಕ್ಷೆ ಕೊಟ್ಟೆ. 100ಕ್ಕೆ 64 ಬಂತು, ಅಂದರೆ ಮಧ್ಯಮ ಮಟ್ಟ. ಜೊತೆಗೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೊಟ್ಟೆ. ಇದನ್ನು ಬಿಟ್ಟು ಫೋನಿನ ಪ್ರಶ್ನೆಗಳನ್ನಷ್ಟೇ ಕೇಳಿ ಕಳಿಸಬೇಡಿ ಎಂದು ನನ್ನ ಜೊತೆ ಕೆಲಸ ಮಾಡುವವರಿಗೆ ಯಾವಾಗಲೂ ಹೇಳುತ್ತೇನೆ. ಅದರಲ್ಲಿ 27ಕ್ಕೆ 14 ಬಂತು. ಒಂಬತ್ತನೇ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಎನ್ನುವ ಯೋಚನೆ ಬರುತ್ತದೆಯೇ ಎಂಬುದು. ಅಲ್ಲಿ 'ಕೆಲವು ದಿನ' ಎಂದು ಗುರುತು ಹಾಕಿದ್ದಳು.

ನೇರವಾಗಿಯೇ ಕೇಳಿದೆ. "ಸಾಯಬೇಕು ಅನ್ಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಮನಸ್ಸು ಹಗುರಾಗುವುದೇ ಜಾಸ್ತಿ. "ಹಾಗೇನಿಲ್ಲ ಮೇಡಂ. ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕಿತ್ತು ಅನ್ಸುತ್ತೆ, ಅಷ್ಟೆ." ಅಷ್ಟೆ ಎಂದು ಬಿಡುವ ಮಾತಲ್ಲ ಅದು. ಅಂಥ ರಾತ್ರಿ ಯಾರಿಗೆ ಫೋನ್ ಮಾಡುತ್ತಾಳೆ, ಯಾರ ರೂಮಿಗೆ ಹೋಗುತ್ತಾಳೆ, ಅದೂ ಆಗದಿದ್ದರೆ ಯಾವ ಆಸ್ಪತ್ರೆ ಎಂದು ಅಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಅದೇ ವಾರ ಮನೋವೈದ್ಯರನ್ನೂ ಕಂಡಳು. ಸದ್ಯಕ್ಕೆ ಔಷಧಿ ಬೇಡ, ಆಪ್ತಸಲಹೆ ಮುಂದುವರಿಯಲಿ, ಆರು ವಾರ ಬಿಟ್ಟು ಮತ್ತೆ ನೋಡೋಣ ಎಂದರು ಅವರು.

ಎರಡನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ದಿನಕ್ಕೆ ಮೂರು ಗಂಟೆ ದಾಟಬಾರದು ಎಂದು ಗುರಿ ಕೊಟ್ಟುಬಿಟ್ಟೆ. ಮುಂದಿನ ವಾರ ಬಂದು "ಮೂರೇ ಗಂಟೆ ಮೇಡಂ" ಎಂದಳು. ಕಣ್ಣ ಕೆಳಗಿನ ಕಪ್ಪು ಬೇರೆಯೇ ಹೇಳುತ್ತಿತ್ತು. ಹಾಸ್ಟೆಲ್‌ನ ಗೆಳತಿಯ ಟ್ಯಾಬ್‌ನಲ್ಲಿ ನೋಡುತ್ತಿದ್ದಳಂತೆ. ಮನೆಯಲ್ಲಿ ಅವಳಿಗೆ ಏನಾಗುತ್ತಿತ್ತೋ ಅದನ್ನೇ ನಾನೂ ಮಾಡಿದ್ದೆ. ಯಾರಿಂದ ಬಚ್ಚಿಡಬೇಕೋ ಅವರ ಸಾಲಿಗೆ ನಾನೂ ಸೇರಿದ್ದೆ. ಅವಳ ಕ್ಷಮೆ ಕೇಳಿದೆ. ಗುರಿ ತೆಗೆದುಹಾಕಿದೆವು.

ಬದಲಿಗೆ ಒಂದು ಪುಟ್ಟ ನೋಟ್‌ಬುಕ್. "ಕಡಿಮೆ ಮಾಡಬೇಡ. ಫೋನ್ ಎತ್ತಿಕೊಳ್ಳೋ ಮುಂಚೆ ಒಂದು ಸಾಲು ಬರಿ. ಎಷ್ಟು ಗಂಟೆ, ಅದಕ್ಕೂ ಸ್ವಲ್ಪ ಮುಂಚೆ ಏನಾಯ್ತು, ಮೈಯಲ್ಲಿ ಹೇಗಿತ್ತು. ಅಷ್ಟು ಬರೆದ ಮೇಲೆ ಬೇಕಾದಷ್ಟು ನೋಡು."

ಆರು ದಿನ ಬರೆದು ತಂದಳು. ಪೆನ್ಸಿಲ್‌ನ ಸಣ್ಣ ಅಕ್ಷರ. 'ಸಂಜೆ 6-10, ಮೂರನೇ ಅಧ್ಯಾಯದ ಫೈಲ್ ತೆಗೆದೆ, ಹೊಟ್ಟೆ ಕಿವುಚಿತು.' 'ಬೆಳಿಗ್ಗೆ 9, ಮೇಲ್ ಬಂದ ಸದ್ದು, ಅಂಗೈ ಬೆವರಿತು.' 'ರಾತ್ರಿ 11-20, ಕ್ಲಾಸಿನವಳಿಗೆ ಕೆಲಸ ಸಿಕ್ಕ ಫೋಟೋ, ಗಂಟಲು ಕಟ್ಟಿತು.' ಗಂಟೆಗಟ್ಟಲೆ ಮುಳುಗಿಹೋದ ಏಳು ಸಲ ಸಿಕ್ಕವು. ಅವುಗಳಲ್ಲಿ ಐದರ ಹಿಂದೆ ಇದ್ದದ್ದು ಪ್ರಾಜೆಕ್ಟ್ ಫೈಲ್, ಇಲ್ಲವೇ ಗೈಡ್‌ನ ಮೇಲ್. ಅವಳೇ ಬೆರಳಿಟ್ಟು ಎಣಿಸಿದಳು. "ಬೇಜಾರಾದಾಗ ನೋಡ್ತೀನಿ ಅಂದ್ಕೊಂಡಿದ್ದೆ. ಇದು ಭಯ ಅಲ್ವಾ?"

ಭಯವೇ. ಫೈಲ್ ತೆರೆದರೆ ಹೊಟ್ಟೆ ಕಿವುಚುತ್ತದೆ, ಫೋನ್ ತೆರೆದರೆ ಕಿವುಚುವುದು ನಿಲ್ಲುತ್ತದೆ. ಆ ಎರಡು ಸೆಕೆಂಡಿನ ನೆಮ್ಮದಿಯನ್ನು ಮೆದುಳು ಮರೆಯುವುದಿಲ್ಲ. ಮುಂದಿನ ಸಲ ಕೈ ಇನ್ನೂ ಬೇಗ ಹೋಗುತ್ತದೆ. ಅಲ್ಲಿಗೆ ಹೋದ ಮೇಲೆ ಹಿಡಿದಿಡುವುದು ಇನ್ನೊಂದು. ಯಾವಾಗ ಕಾಳು ಸಿಗುತ್ತದೋ ಹೇಳಲಾಗದಂತೆ ಇಟ್ಟರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿದ್ದರು. ಹತ್ತು ರೀಲ್ಸ್‌ನಲ್ಲಿ ಒಂದು ಚೆನ್ನಾಗಿರುತ್ತದೆ, ಅದು ಎಷ್ಟನೆಯದು ಎಂದು ಗೊತ್ತಿರುವುದಿಲ್ಲ. ಜೊತೆಗೆ ಕೊನೆಯೇ ಇಲ್ಲದ ಸ್ಕ್ರೋಲ್. ಪುಸ್ತಕದಲ್ಲಿ ಅಧ್ಯಾಯ ಮುಗಿದಾಗ ನಿಲ್ಲಲು ಒಂದು ಜಾಗ ಸಿಗುತ್ತದೆ. ಇಲ್ಲಿ ಅದನ್ನು ಬೇಕೆಂದೇ ತೆಗೆದಿದ್ದಾರೆ. ಇದನ್ನೆಲ್ಲ ಹೇಳುವಾಗ ಅವಳ ಭುಜ ಸ್ವಲ್ಪ ಇಳಿಯಿತು. ತಾನು ಸೋಮಾರಿ ಎಂದೇ ಎರಡು ವರ್ಷದಿಂದ ನಂಬಿದ್ದಳು ಪಾಪ.

ಫೋನಿನಿಂದ ಖಿನ್ನತೆಯೋ, ಖಿನ್ನತೆಯಿಂದ ಫೋನೋ ಎಂದು ಪೋಷಕರು ಕೇಳುತ್ತಾರೆ. ಎರಡೂ ಕಡೆಯಿಂದ ಎಳೆ ಇದೆ. ಇವಳ ವಿಷಯದಲ್ಲಿ ಎಳೆಯ ತುದಿ ಸಿಕ್ಕಿತ್ತು. ಹಿಂದಿನ ಸೆಮಿಸ್ಟರ್‌ನಲ್ಲಿ ಒಂದು ಸೆಮಿನಾರ್ ಎಲ್ಲರ ಮುಂದೆ ಕೆಟ್ಟಿತ್ತು. ಅಲ್ಲಿಂದ ಗೈಡ್‌ಗೆ ಮುಖ ತೋರಿಸುವುದೇ ಕಷ್ಟವಾಗಿತ್ತು. ಅವರ ಕೊನೆಯ ಮೇಲ್ ಬಂದು 19 ದಿನ ಆಗಿತ್ತು. ತೆರೆದಿರಲಿಲ್ಲ.

"ಇಲ್ಲೇ ತೆರೆಯೋಣವಾ?" ಎಂದೆ. ಬೇಡ ಎಂದಳು. ಸರಿ ಎಂದೆ. ಮುಂದಿನ ವಾರ ತಾನೇ ಲ್ಯಾಪ್‌ಟಾಪ್ ತಂದಳು. ಕ್ಲಿಕ್ ಮಾಡುವ ಮುಂಚೆ ಭಯ ಹತ್ತಕ್ಕೆ ಎಷ್ಟು ಎಂದು ಕೇಳಿದೆ. ಒಂಬತ್ತು. ಒಳಗೆ ಒಳ್ಳೆಯ ಸುದ್ದಿ ಇರಲಿಲ್ಲ. ಎರಡನೇ ಅಧ್ಯಾಯ ದುರ್ಬಲವಾಗಿದೆ, ಮತ್ತೆ ಬರೆಯಬೇಕು, ಬಂದು ಕಾಣು ಎಂದಿತ್ತು. ಬರಬೇಕಿದ್ದ ದಿನ ಕಳೆದು ಹನ್ನೆರಡು ದಿನ ಆಗಿತ್ತು. ಅವಳ ತುಟಿ ಅದುರಿತು. ಐದು ನಿಮಿಷ ನಾವಿಬ್ಬರೂ ಏನೂ ಮಾತಾಡಲಿಲ್ಲ. ಕೈ ಫೋನಿನ ಕಡೆ ಹೋಯಿತು. ಈ ಸಲ ಅವಳಿಗೇ ಅದು ಕಂಡಿತು, ಕೈ ಹಿಂದೆ ತೆಗೆದಳು. ಈಗ ಎಷ್ಟು? "ಆರು." ನಾಲ್ಕು ಸಾಲಿನ ಉತ್ತರ ಬರೆದು ಕಳಿಸಿಯೇ ಎದ್ದಳು.

ಆಮೇಲೆ ಕೊಟ್ಟ ಸಲಹೆಗಳು ಇವು. ದಿನಕ್ಕೆ ಒಂದು ಸಲ ಹತ್ತು ನಿಮಿಷ ಫೈಲ್ ತೆರೆಯಬೇಕು. ಬರೆಯಲೇಬೇಕು ಅಂತಿಲ್ಲ, ಒಂದು ಪ್ಯಾರಾ ಓದಿದರೂ ಸಾಕು, ಹತ್ತು ನಿಮಿಷ ಆದ ಮೇಲೆ ಮುಚ್ಚಬಹುದು. ಆ ಹೊತ್ತಿನಲ್ಲಿ ಫೋನ್ ಬೇಕೆನಿಸಿದರೆ ಬೇಕೆನಿಸುವುದನ್ನು ಸುಮ್ನೆ ಗಮನಿಸಬೇಕು. ಅದು ಅಲೆಯ ಥರ ಏರುತ್ತದೆ, ತಾನಾಗಿ ಇಳಿಯುತ್ತದೆ. ಇನ್ನು ನಿದ್ದೆ. ಚಾರ್ಜರ್ ಮಂಚದಿಂದ ಏಳು ಹೆಜ್ಜೆ ದೂರದ ಪ್ಲಗ್‌ಗೆ ಹೋಯಿತು. ಅಲಾರಂ ಬೇಕು ಎಂಬ ನೆಪ ಉಳಿಯದಿರಲಿ ಎಂದು ಬೇರೆ ಗಡಿಯಾರ ತಂದಳು. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1970ರ ದಶಕದಲ್ಲಿ ಹೇಳಿಕೊಟ್ಟ ವಿಧಾನವನ್ನೇ ಇಂದಿಗೂ ಬಳಸುತ್ತೇವೆ. ಹಾಸಿಗೆ ನಿದ್ದೆಗೆ ಮಾತ್ರ. ಸುಮಾರು 20 ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವುದು ಒಂದೇ ಹೊತ್ತಿಗೆ. ಮೊದಲ ವಾರ ಹಗಲೆಲ್ಲ ತೂಕಡಿಸುತ್ತೀಯ ಎಂದು ಮೊದಲೇ ಹೇಳಿದ್ದೆ, ಹಾಗೇ ಆಯಿತು.

ಅವಳು ಒಪ್ಪಿದ ಮೇಲೆ ತಾಯಿ ಒಂದು ದಿನ ಬಂದರು. "ಫೋನ್ ಕಿತ್ಕೊಂಡ್ಬಿಡ್ಲಾ ಮೇಡಂ?" ಎಂಬುದೇ ಅವರ ಮೊದಲ ಪ್ರಶ್ನೆ. ರಜೆಯಲ್ಲಿ ಫೋನ್ ಅಮ್ಮನ ಕೈಯಲ್ಲಿದ್ದ ಹತ್ತು ದಿನ ಏನಾಯಿತು ಎಂಬುದನ್ನು ಮಗಳೇ ಹೇಳಿದಳು. ತಾಯಿಗೆ ನಾನು ಕೊಟ್ಟ ಕೆಲಸ ಒಂದೇ. ದಿನಾ ಸಂಜೆ ಮಾಡುವ ಕರೆಯಲ್ಲಿ "ಇವತ್ತು ಎಷ್ಟು ಹೊತ್ತು ನೋಡ್ದೆ?" ಎಂದು ಕೇಳಬೇಡಿ. "ಇವತ್ತು ಯಾವ್ದು ಕಷ್ಟ ಆಯ್ತು?" ಎಂದು ಕೇಳಿ, ಉತ್ತರಕ್ಕೆ ಬುದ್ಧಿವಾದ ಸೇರಿಸಬೇಡಿ. ಆ ತಾಯಿಗೆ ಎರಡನೆಯದು ನಿಜಕ್ಕೂ ಕಷ್ಟವಾಯಿತು.

ಆರನೇ ವಾರ ಜಾರಿದಳು. ಗೈಡ್ ಜೊತೆ ಮಾತು ಬಿರುಸಾಗಿತ್ತು. ಆ ಭಾನುವಾರ 13 ಗಂಟೆ ಫೋನ್. ಆದರೆ ನೋಟ್‌ಬುಕ್‌ನಲ್ಲಿ ಅದರ ಸಾಲು ಇತ್ತು. 'ಸರ್ ಮಾತು ನೆನಪಾಗ್ತಿದೆ, ಎದೆ ಭಾರ, ಇವತ್ತು ಆಗಲ್ಲ.' ಸಂಖ್ಯೆಯನ್ನು ಬಚ್ಚಿಡದೆ ತಂದಿದ್ದಳು. ಸೋಮವಾರ ಹತ್ತು ನಿಮಿಷ ಫೈಲ್ ತೆರೆದಿದ್ದಳು. ಅವತ್ತು ನಾವು ಮಾತಾಡಿದ್ದು ಭಾನುವಾರದ ಬಗ್ಗೆ ಕಡಿಮೆ, ಸೋಮವಾರ ಎದ್ದು ಅದನ್ನು ಹೇಗೆ ಮಾಡಿದಳು ಎಂಬುದರ ಬಗ್ಗೆ ಜಾಸ್ತಿ.

ಒಟ್ಟು ಹನ್ನೊಂದು ಸಲ ಬಂದಳು. ಪಿಎಚ್‌ಕ್ಯೂ-9 ಏಳಕ್ಕೆ ಇಳಿದಿದೆ, ಒಂಬತ್ತನೇ ಪ್ರಶ್ನೆಗೆ ಉತ್ತರ 'ಇಲ್ಲ'. ಸ್ಕ್ರೀನ್ ಟೈಮ್ ಐದು ಗಂಟೆಯ ಆಸುಪಾಸು. ನಿದ್ದೆ ಒಂದು ಗಂಟೆಗೆ ಹತ್ತುತ್ತದೆ, ಹನ್ನೆರಡಕ್ಕೆ ಹತ್ತಿದರೆ ಚೆನ್ನಾಗಿತ್ತು. ಪ್ರಾಜೆಕ್ಟ್ ಈ ಸೆಮಿಸ್ಟರ್‌ಗೆ ಮುಗಿಯುವುದಿಲ್ಲ. ಗಡುವು ಮುಂದೂಡಲು ಅರ್ಜಿ ಬರೆಯಬೇಕಿತ್ತು. ಕೊನೆಯ ಭೇಟಿಯಲ್ಲಿ ಅದನ್ನು ಕೈಯಲ್ಲಿ ಬರೆದು ತಂದು ನನಗೆ ಓದಿ ಹೇಳಿದಳು. ಕಾರಣ ಎಂಬ ಜಾಗದಲ್ಲಿ ಮೊದಲು 'ಅನಾರೋಗ್ಯ' ಎಂದು ಬರೆದು ಹೊಡೆದುಹಾಕಿದ್ದಳು. ಅದರ ಪಕ್ಕದಲ್ಲಿ 'ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದೇನೆ' ಎಂದಿತ್ತು. "ಇಷ್ಟು ಬರೀಬಹುದಾ ಮೇಡಂ?" ಎಂದು ಕೇಳಿದಳು. ಬರೆಯಬಹುದು ಎಂದೆ. ಬರೆಯಲೇಬೇಕು ಅಂತೇನಿಲ್ಲ, ನಿನ್ನ ಇಷ್ಟ ಎಂದೂ ಹೇಳಿದೆ. ಸ್ವಲ್ಪ ಹೊತ್ತು ನೋಡಿ, ಹಾಗೇ ಇರಲಿ ಎಂದು ಮಡಚಿ ಬ್ಯಾಗಿಗೆ ಹಾಕಿಕೊಂಡಳು.