ಹಳೇ ಮಾರುತಿ ವ್ಯಾನ್‌ನ ಆಕ್ಸಿಲರೇಟರ್ ಕೇಬಲ್ ಪದೇ ಪದೇ ಕಿತ್ತುಹೋಗುತ್ತಿದೆ, ಮನೆಯಲ್ಲೇ ಹಾಕಿಕೊಳ್ಳಬಹುದಾ?

ನಿಮ್ಮ ಅಪ್ಪನ 1986ರ ಮಾರುತಿ ವ್ಯಾನ್, ಒಂದೇ ವರ್ಷದಲ್ಲಿ ಎರಡನೇ ಸಲ ಕೇಬಲ್ ಕಿತ್ತುಹೋಗಿದೆ, ಬೆಂಗಳೂರಿನಲ್ಲಿ ಹೊಸದು ಎಲ್ಲಿ ಸಿಗುತ್ತದೆ, ನಾವೇ ಹಾಕಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಖಂಡಿತ ಹಾಕಿಕೊಳ್ಳಬಹುದು. ನಿಧಾನವಾಗಿ ಮಾಡಿದರೂ ಒಂದೆರಡು ಗಂಟೆಯ ಕೆಲಸ. ಆದರೆ ಎರಡು ಸಲ ಹೋಗಿದೆ ಅಂದರೆ ತಪ್ಪು ಬಹುಶಃ ಕೇಬಲ್‌ನದ್ದಲ್ಲ. ಕಾರಣ ಹುಡುಕದೆ ಸುಮ್ನೆ ಮೂರನೆಯದು ಹಾಕಿದರೆ ಅದೂ ಹೋಗುತ್ತದೆ. ನನ್ನ ಹತ್ತಿರ 1987ರ ವ್ಯಾನ್ ಇದೆ, ನಾನೂ ಈ ಪಾಡು ಪಟ್ಟಿದ್ದೇನೆ.

ನನ್ನದು ಕಿತ್ತಿದ್ದು ಮಿನರ್ವ ಸರ್ಕಲ್ ಸಿಗ್ನಲ್‌ನಲ್ಲಿ, ಸಂಜೆ ಏಳರ ಹೊತ್ತಿಗೆ. ಹಸಿರು ದೀಪ ಬಂತು, ಕಾಲು ಒತ್ತಿದೆ, ಪೆಡಲ್ ತಳಕ್ಕೆ ಹೋಗಿ ಅಲ್ಲೇ ಕೂತಿತು. ಎಂಜಿನ್ ಮಾತ್ರ ಏನೂ ಆಗದ ಹಾಗೆ ಸಣ್ಣಗೆ ಓಡುತ್ತಿತ್ತು. ಇಬ್ಬರು ಆಟೋದವರು ಇಳಿದು ಬಂದು ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ಈ ವ್ಯಾನ್‌ನಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದು ಅವತ್ತು ಉಪಕಾರಕ್ಕೆ ಬಂತು. ಸೀಟು ಎತ್ತಿದೆ, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ, ಕಾಲು ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಬಿಗಿ ಮಾಡಿದೆ. ಎಂಜಿನ್ ವೇಗ ಏರಿತು. ಆಮೇಲೆ ಕ್ಲಚ್ ಬಿಟ್ಟರೆ ಫಸ್ಟ್ ಗೇರ್‌ನಲ್ಲಿ ವ್ಯಾನ್ ತಾನಾಗಿ ತೆವಳುತ್ತದೆ. ಹಾಗೇ ಬಸವನಗುಡಿಯ ಮನೆ ಸೇರಿದೆ. ದಾರಿಯಲ್ಲಿ ಸಿಕ್ಕಿಕೊಂಡಾಗ ಇದು ನೆನಪಿರಲಿ, ಆದರೆ ಹತ್ತಿರದ ದೂರಕ್ಕೆ ಮಾತ್ರ. ಬ್ರೇಕ್ ಒತ್ತಿದಾಗಲೂ ಎಂಜಿನ್ ಮುಂದಕ್ಕೆ ನೂಕುತ್ತಲೇ ಇರುತ್ತದೆ, ಹಾಗಾಗಿ ನಿಲ್ಲಿಸುವಾಗ ಕ್ಲಚ್ ಮೊದಲು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಹಳೇ ಕೇಬಲ್ ಬಿಸಾಡಬೇಡಿ. ಕಿತ್ತ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ವೈರ್ ಒಂದೇ ತಂತಿಯಲ್ಲ, ಸಣ್ಣ ಎಳೆಗಳ ಹುರಿ. ನನ್ನದರಲ್ಲಿ ಎಳೆಗಳು ಪೊರಕೆ ಕಡ್ಡಿ ಹಾಗೆ ಬಿಚ್ಚಿಕೊಂಡಿದ್ದವು. ಅರ್ಧ ಎಳೆಗಳ ತುದಿ ತುಕ್ಕು ಹಿಡಿದು ಕಪ್ಪಾಗಿತ್ತು, ಉಳಿದವು ಬೆಳ್ಳಗೆ ಹೊಳೆಯುತ್ತಿದ್ದವು. ಅಂದರೆ ಕಪ್ಪಾದವು ಯಾವತ್ತೋ ತುಂಡಾಗಿದ್ದವು, ಹೊಳೆಯುವವು ಅವತ್ತು ಹೋದವು.

ಎಲ್ಲಿ ತುಂಡಾಗಿದೆ ಅನ್ನುವುದೇ ಕಾರಣ ಹೇಳುತ್ತದೆ. ನಡುವೆ, ಔಟರ್ (ವೈರ್ ಮೇಲಿನ ಹೊದಿಕೆ ಕೊಳವೆ) ಮುಗಿಯುವ ಬಾಯಿಯಲ್ಲಿ ತುಂಡಾಗಿದ್ದರೆ ಕೇಬಲ್ ಓರೆಯಾಗಿ ಕೂತಿದೆ ಅಂತ ಅರ್ಥ. ಪ್ರತಿ ಸಲ ಒತ್ತಿದಾಗಲೂ ವೈರ್ ಆ ಅಂಚಿಗೆ ಗರಗಸದ ಹಾಗೆ ಉಜ್ಜುತ್ತದೆ. ನಿಪ್ಪಲ್ (ವೈರ್ ತುದಿಯಲ್ಲಿರುವ ಲೋಹದ ಗುಂಡಿ) ಬುಡದಲ್ಲಿ ತುಂಡಾಗಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಪೆಡಲ್‌ ಮೇಲೆ. ಪೆಡಲ್ ಪೂರ್ತಿ ಒತ್ತಿದಾಗ ಅದನ್ನು ತಡೆದು ನಿಲ್ಲಿಸಬೇಕಾದ್ದು ನೆಲದ ಕಡೆಯ ತಡೆ. ಆ ತಡೆ ಸವೆದಿದ್ದರೆ, ಅಥವಾ ಕೇಬಲ್ ತೀರಾ ಬಿಗಿಯಾಗಿದ್ದರೆ, ಕಾರ್ಬ್ಯುರೇಟರ್ ಪೂರ್ತಿ ತೆರೆದ ಮೇಲೂ ಕಾಲಿನ ಭಾರವೆಲ್ಲ ಆ ತೆಳ್ಳಗಿನ ವೈರ್ ಮೇಲೇ ಬೀಳುತ್ತದೆ. ನನ್ನ ವ್ಯಾನ್‌ನಲ್ಲಿ ಆಗಿದ್ದು ಇದೇ. ಇಷ್ಟು ಕಂಡುಕೊಳ್ಳುವ ಹೊತ್ತಿಗೆ ಎರಡು ಹೊಸ ಕೇಬಲ್ ಬಲಿಯಾಗಿದ್ದವು.

ಕೇಬಲ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಓಮ್ನಿ ಅನ್ನುವುದು ಈ ವ್ಯಾನ್‌ಗೆ ಆಮೇಲೆ ಬಂದ ಹೆಸರು, ಸುಮ್ನೆ 'ಓಮ್ನಿ ಕೇಬಲ್ ಕೊಡಿ' ಅಂದರೆ ನಂತರದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಸಿಂಪಡಿಸುವ ಎಂಜಿನ್) ಗಾಡಿಯದ್ದು ಕೈಗೆ ಬರಬಹುದು. 'ಕಾರ್ಬ್ಯುರೇಟರ್ ವ್ಯಾನ್, 796 ಸಿಸಿ, ಹಳೇ ಮಾಡೆಲ್' ಅಂತ ಹೇಳಿ, ಹಳೇ ಕೇಬಲ್ ಕೌಂಟರ್ ಮೇಲೆ ಇಡಿ. ಒಟ್ಟು ಉದ್ದ ಸರಿ ಇದ್ದರೆ ಸಾಲದು. ಔಟರ್‌ನಿಂದ ಹೊರಗೆ ಇನ್ನರ್, ಅಂದರೆ ಒಳಗಿನ ವೈರ್, ಎಷ್ಟು ಇಂಚು ಬರುತ್ತದೆ, ಅದು ಮುಖ್ಯ. ಅದು ಒಂದು ಇಂಚು ಹೆಚ್ಚುಕಮ್ಮಿ ಆದರೂ ಅಡ್ಜಸ್ಟ್ ಮಾಡುವ ನಟ್‌ನಲ್ಲಿ ಸರಿಹೋಗುವುದಿಲ್ಲ. ಎರಡೂ ಕಡೆಯ ನಿಪ್ಪಲ್ ಆಕಾರವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಸೈಕಲ್ ಬ್ರೇಕ್ ವೈರ್‌ಗೆ ಸ್ಕ್ರೂ ನಿಪ್ಪಲ್ ಹಾಕಿ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಮನೆ ಸೇರಲು ಸರಿ, ದಿನಾ ಓಡಿಸಲು ದಯವಿಟ್ಟು ಬೇಡ. ಆ ಸ್ಕ್ರೂ ಸಡಿಲವಾದರೆ ನಡುರಸ್ತೆಯಲ್ಲಿ ಮತ್ತೆ ಇದೇ ಕಥೆ.

ಎಂಜಿನ್ ತಣ್ಣಗಾದ ಮೇಲೆಯೇ ಕೈ ಹಾಕಿ. ಹಳೇ ಕೇಬಲ್ ಎಳೆದು ತೆಗೆಯುವ ಮುಂಚೆ ಅದರ ಒಂದು ತುದಿಗೆ ಗಟ್ಟಿ ದಾರ ಕಟ್ಟಿ. ಕೇಬಲ್ ಹೊರಗೆ ಬಂದಾಗ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ. ಹೊಸದನ್ನು ಆ ದಾರಕ್ಕೆ ಕಟ್ಟಿ ವಾಪಸ್ ಎಳೆದರೆ ಎಲ್ಲಿ ತೂರಿಸಬೇಕು ಅಂತ ತಡಕಾಡುವುದು ತಪ್ಪುತ್ತದೆ. ಹಳೇ ಕ್ಲಿಪ್‌ಗಳಲ್ಲೇ ಕೂರಿಸಿ. ಚೂಪಾದ ತಿರುವು ಬೇಡ, ಎಕ್ಸಾಸ್ಟ್ ಹತ್ತಿರವಂತೂ ಸುಳಿಯಬಾರದು. ಕಾರ್ಬ್ಯುರೇಟರ್ ಕಡೆ ಕೇಬಲ್ ಎಳೆಯುವ ಥ್ರಾಟಲ್ ಲಿವರ್ ಅನ್ನು ಕೈಯಲ್ಲಿ ತಿರುಗಿಸಿ ಹಿಡಿದರೆ ನಿಪ್ಪಲ್ ಸುಲಭವಾಗಿ ಕೂರುತ್ತದೆ.

ಇನ್ನು ಅಡ್ಜಸ್ಟ್‌ಮೆಂಟ್. ಇಲ್ಲಿ ಅವಸರ ಮಾಡಬೇಡಿ. ಪೆಡಲ್ ಬಿಟ್ಟಾಗ ವೈರ್ ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಆಮೇಲೆ ಮನೆಯವರೊಬ್ಬರನ್ನು ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿ, ನೀವು ಲಿವರ್ ನೋಡಿ. ಅದು ಕೊನೆಯವರೆಗೆ ತಿರುಗಬೇಕು, ಅದೇ ಹೊತ್ತಿಗೆ ಪೆಡಲ್ ಕೆಳಗಿನ ತಡೆಗೆ ತಾಗಬೇಕು. ಪೆಡಲ್ ತಾಗುವ ಮುಂಚೆಯೇ ವೈರ್ ತಂತಿವಾದ್ಯದ ಹಾಗೆ ಬಿಗಿಯಾದರೆ ನಟ್ ಸ್ವಲ್ಪ ಬಿಡಿ. ತಡೆಯೇ ಸವೆದಿದ್ದರೆ ಅದನ್ನು ಮೊದಲು ಸರಿಮಾಡಿ. ನಾನು ಒಂದು ದಪ್ಪ ರಬ್ಬರ್ ಬಿಲ್ಲೆ ಹಾಕಿಸಿದೆ. ಆಮೇಲೆ ಕೇಬಲ್ ಹೋಗಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಇಪ್ಪತ್ತು ಸಲ ಒತ್ತಿ ಬಿಡಿ. ಪ್ರತಿ ಸಲವೂ ಲಿವರ್ 'ಟಪ್' ಅಂತ ಹಿಂದಕ್ಕೆ ಬರಬೇಕು. ನಿಧಾನವಾಗಿ ಬಂದರೆ ರಿಟರ್ನ್ ಸ್ಪ್ರಿಂಗ್ ಸೋತಿದೆ ಅಥವಾ ಕೇಬಲ್ ಎಲ್ಲೋ ಹಿಡಿಯುತ್ತಿದೆ. ಹಾಗಿದ್ದಾಗ ಗಾಡಿ ರಸ್ತೆಗೆ ತೆಗೆಯಲೇಬೇಡಿ. ಕಿತ್ತ ಕೇಬಲ್‌ನಿಂದ ಗಾಡಿ ನಿಲ್ಲುತ್ತದೆ ಅಷ್ಟೇ, ಸಿಕ್ಕಿಕೊಂಡ ಕೇಬಲ್‌ನಿಂದ ನಿಲ್ಲುವುದೇ ಇಲ್ಲ. ಓಡಿಸುವಾಗ ಎಂದಾದರೂ ಹಾಗಾದರೆ ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಗಾಡಿ ನಿಂತ ಮೇಲೆ ಇಗ್ನಿಷನ್ ಆರಿಸಿ. ಕೀ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ಕೊನೆಗೆ ಸೀಟು ಮುಚ್ಚಿ ಇನ್ನೊಮ್ಮೆ ಒತ್ತಿ ನೋಡಿ. ಸೀಟು ತೆರೆದಾಗ ಸರಿ ಇದ್ದು, ಮುಚ್ಚಿದಾಗ ಅದರ ಅಂಚು ಕೇಬಲ್ ಅದುಮುವುದುಂಟು.

ನಿಮ್ಮ ಎರಡೂ ಕೇಬಲ್ ಒಂದೇ ಜಾಗದಲ್ಲಿ ತುಂಡಾಗಿದ್ದವಾ? ನೋಡಿ ಹೇಳಿ. ಅಪ್ಪನ ಗಾಡಿ ಅಲ್ವಾ, ಅದು ಓಡುತ್ತಿರಬೇಕು ಅಂತ ನನಗೂ ಆಸೆ. ಸಾಧ್ಯವಾದರೆ ಆ ತುದಿಯ ಫೋಟೋ ಹಾಕಿ, ಪೆಡಲ್ ಕಡೆಯದ್ದಾ ಕಾರ್ಬ್ಯುರೇಟರ್ ಕಡೆಯದ್ದಾ ಅಂತಲೂ ಬರೆಯಿರಿ.