ಬ್ಯಾಟು ಮಗುವಿನ ಅಳತೆಗಿರಲಿ

ಪ್ರಶ್ನೆ: ನಮ್ಮ ಶಾಲೆಯ ಐದನೇ ತರಗತಿಯ ಹಲವು ಮಕ್ಕಳಿಗೆ, ಎಷ್ಟು ಹೇಳಿಕೊಟ್ಟರೂ, ಎಸೆದ ಚೆಂಡು ಬ್ಯಾಟಿಗೆ ಸಿಗುವುದೇ ಇಲ್ಲ. ಇರುವುದು ದೊಡ್ಡವರ ಬ್ಯಾಟು ಒಂದೇ. ಏನು ಮಾಡಲಿ?
— ದೈಹಿಕ ಶಿಕ್ಷಕಿ, ಸಕಲೇಶಪುರ

ಉತ್ತರ: ತೊಡಕಿರುವುದು ಮಕ್ಕಳಲ್ಲಲ್ಲ, ಸಲಕರಣೆಯಲ್ಲಿ. ಕಿಲೋಗಿಂತ ಹೆಚ್ಚು ತೂಗುವ ಬ್ಯಾಟನ್ನು ಎತ್ತುವಷ್ಟರಲ್ಲೇ ಹತ್ತು ವರ್ಷದ ಮಗುವಿನ ಮುಂಗೈ ಸೋಲುತ್ತದೆ. ಆಗ ಕೆಳಗಿನ ಕೈ ಬಿಗಿಹಿಡಿದು, ನೇರ ಬರಬೇಕಾದ ಬ್ಯಾಟು ಅಡ್ಡ ಬೀಸುತ್ತದೆ. ಮಗುವಿನ ಸೊಂಟದ ಎತ್ತರವನ್ನು ದಾಟದ ಹಗುರವಾದ ಪ್ಲಾಸ್ಟಿಕ್ ಬ್ಯಾಟು ಕೊಡಿ. ಚರ್ಮದ ಚೆಂಡು ಸುಮಾರು 160 ಗ್ರಾಂ ತೂಗಿದರೆ ಟೆನಿಸ್ ಚೆಂಡು 60 ಗ್ರಾಂ ಕೂಡ ಇರುವುದಿಲ್ಲ. ಪೆಟ್ಟಿನ ಭಯ ಹೋದ ಮೇಲೆಯೇ ಕಣ್ಣು ಚೆಂಡಿನ ಮೇಲೆ ನಿಲ್ಲುತ್ತದೆ.

ಮೊದಲ ಕೆಲವು ತರಗತಿಗಳಲ್ಲಿ ದಯವಿಟ್ಟು ಚೆಂಡನ್ನು ಎಸೆಯಲೇಬೇಡಿ. ಮರಳು ತುಂಬಿದ ನೀರಿನ ಬಾಟಲಿಯ ಬಾಯಿಯ ಮೇಲೆ ಚೆಂಡಿಟ್ಟು ಹೊಡೆಸಿ. ಬಾಟಲಿ ಉರುಳದೆ ಚೆಂಡು ಮಾತ್ರ ಹೋದರೆ ಬೀಸು ಸರಿಯಾಗಿದೆ ಎಂದರ್ಥ. ಬಳಿಕ ಹಳೆಯ ಕಾಲುಚೀಲದಲ್ಲಿ ಚೆಂಡು ಹಾಕಿ, ಮಗುವಿನ ಮೊಣಕಾಲಿನ ಎತ್ತರಕ್ಕೆ ಹಗ್ಗದಿಂದ ತೂಗುಹಾಕಿ. ನಿಮ್ಮ ಕಡೆಯ ಮಳೆಗಾಲದಲ್ಲಿ ವರಾಂಡದ ಜಂತಿಯೇ ಇದಕ್ಕೆ ಸಾಕು. ಅನಂತರ ಉರುಳಿಸಿದ ಚೆಂಡು, ಕೊನೆಗೆ ಒಂದು ಪುಟಿತದ ಚೆಂಡು. ಎಲ್ಲರನ್ನೂ ಒಟ್ಟಿಗೆ ಮುಂದಕ್ಕೆ ದಾಟಿಸಬೇಕಿಲ್ಲ. ಬಾಟಲಿಯ ಹಂತದಲ್ಲೇ ಇರುವ ಮಗುವಿಗೂ ಅದೇ ಮೈದಾನದಲ್ಲಿ ಜಾಗವಿರಲಿ.